ಒಂಬತ್ತು ಕ್ಲಿಕ್ ದೂರದ ಬಾವಿ

೧೯೯೧ನೇ ಇಸವಿ ಮೇ ಹನ್ನೆರಡರ ಬೆಳಿಗ್ಗೆ ಬಂಟ್ವಾಳ ತಾಲೂಕಿನ ಕಲ್ಲಗುಡ್ಡೆಯಲ್ಲಿ ಹನ್ನೊಂದು ಮನೆಗಳು ನೀರು ಸೇದುತ್ತಿದ್ದ ಬಾವಿಗೆ ಆರು ಲಾರಿ ಮಣ್ಣು ಸುರಿದು ಮುಚ್ಚಲಾಯಿತು. ಹತ್ತೂಕಾಲಿಗೆ ಅದೇ ಜಾಗದಲ್ಲಿ ಸಭಾಭವನವೊಂದರ ಶಂಕುಸ್ಥಾಪನೆ ನಡೆಯಿತು. ಹನ್ನೊಂದು ಮನೆಯ ಹೆಂಗಸರು ಅಂದಿನ ಸಂಜೆಯಿಂದ ಹೊಳೆಗೆ ಹೋಗಿ ನೀರು ತಂದರು.

ವಿಸ್ಮಿತಾ ಆಗ ಹುಟ್ಟಿರಲಿಲ್ಲ. ಅವಳು ಬೆಳ್ತಂಗಡಿಯಲ್ಲಿ ಹುಟ್ಟಿ, ಉಜಿರೆಯಲ್ಲಿ ಓದಿ, ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಪಕ್ಕ ಮೊಬೈಲ್ ಅಂಗಡಿಯೊಂದರ ಮಾಳಿಗೆಯಲ್ಲಿ ಕೆಲಸಕ್ಕೆ ಸೇರಿದ್ದು ಮೊನ್ನೆ ಮೊನ್ನೆ. ಕೆಲಸ ಕೊಟ್ಟದ್ದು ಕಾಲಸೇತು ಪ್ರತಿಷ್ಠಾನ. ಅದು ನಡೆಸುತ್ತಿದ್ದದ್ದು ‘ನಮ್ಮ ಮೂರೂರು’ ಎಂಬ ವೆಬ್‌ಸೈಟು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಚರಿತ್ರೆಯನ್ನು ಜನರೇ ಕೂಡಿ ಬರೆಯುವ ಕಾಲರೇಖೆ. ಪರದೆಯ ಎಡದಿಂದ ಬಲಕ್ಕೆ ಒಂದು ಗೆರೆ. ಗೆರೆಯ ಮೇಲೆ ಚುಕ್ಕೆಗಳು. ಚುಕ್ಕೆ ಮುಟ್ಟಿದರೆ ಒಂದು ಘಟನೆ ಬಿಚ್ಚಿಕೊಳ್ಳುತ್ತದೆ. ಯಾರು ಬೇಕಾದರೂ ಚುಕ್ಕೆ ಇಡಬಹುದು. ‘ರಾಜರ ಚರಿತ್ರೆ ಸಾಕು, ಪ್ರಜೆಗಳ ಚರಿತ್ರೆ ಬೇಕು’ ಎಂದು ಉದ್ಘಾಟನೆಯ ದಿನ ಅಧ್ಯಕ್ಷ ಕಮಲಾಕ್ಷರು ಭಾಷಣ ಮಾಡಿದ್ದರು. ಮೂರು ಹೋಟೆಲು, ಎರಡು ಕಾಲೇಜು, ಒಂದು ಸಭಾಭವನ ಇರುವ ಪ್ರಜೆ ಅವರು.

ಪ್ರಜೆಗಳು ಬರೆದರು. ಒಂದು ವರ್ಷದಲ್ಲಿ ನಾಲ್ಕು ಸಾವಿರ ಚುಕ್ಕೆ ಬಿದ್ದವು. ಅದರಲ್ಲಿ ಎರಡು ಸಾವಿರದ ಆರುನೂರು ಸನ್ಮಾನಗಳು. ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ದುಬೈಯಲ್ಲಿ ಆದ ಸನ್ಮಾನ, ದುಬೈಯಿಂದ ಬಂದವರಿಗೆ ಆದ ಸನ್ಮಾನ, ದುಬೈಗೆ ಹೊರಟವರಿಗೆ ಆದ ಸನ್ಮಾನ. ಈ ಮೂರು ತಾಲೂಕಿನಲ್ಲಿ ಮನುಷ್ಯ ಬದುಕುವುದು ಶಾಲಿಗೆ, ಸಾಯುವುದು ಫ್ಲೆಕ್ಸಿಗೆ ಎಂದು ಹೊರಗಿನವರು ತಿಳಿದುಕೊಂಡರೆ ತಪ್ಪು ಅವರದಲ್ಲ.

ಉಳಿದ ಸಾವಿರದ ನಾನೂರು ಚುಕ್ಕೆಗಳದ್ದು ಬೇರೆಯೇ ಫಜೀತಿ. ಸನ್ಮಾನ ಆದವನ ಹತ್ತಿರ ಆಮಂತ್ರಣ ಪತ್ರಿಕೆ ಇರುತ್ತದೆ, ದಿನಾಂಕ ಇರುತ್ತದೆ. ಮನೆ ಮುಳುಗಿದವನ ಹತ್ತಿರ ಏನಿರುತ್ತದೆ? ಅವನಿಗೆ ಗೊತ್ತಿರುವುದು ‘ದೊಡ್ಡ ನೆರೆಯ ಮರುವರ್ಷ’, ‘ಆಟಿ ತಿಂಗಳಲ್ಲಿ’, ‘ರಂಜಾನಿಗೆ ಒಂದು ವಾರ ಇರುವಾಗ’. ವೆಬ್‌ಸೈಟಿನ ಫಾರಂಗೆ ಇದು ತಿಳಿಯುವುದಿಲ್ಲ. ವರ್ಷ ಮಾತ್ರ ಕೊಟ್ಟರೆ ಅದು ತಾನಾಗಿ ಜನವರಿ ಒಂದು ಎಂದು ಬರೆದುಕೊಳ್ಳುತ್ತದೆ. ಹೀಗಾಗಿ ದೊಡ್ಡ ನೆರೆಯ ಮರುವರ್ಷವಾದ ೧೯೭೫ರ ಜನವರಿ ಒಂದನೇ ತಾರೀಕು ಈ ಮೂರು ತಾಲೂಕಿನಲ್ಲಿ ನೂರ ಎಂಬತ್ತೇಳು ಘಟನೆಗಳು ನಡೆದುಹೋದವು. ಆ ಒಂದೇ ದಿನ ಹದಿನಾಲ್ಕು ಮನೆ ಕುಸಿದವು, ಆರು ಶಾಲೆ ಶುರುವಾದವು, ಮೂರು ಊರಿಗೆ ಮೊದಲ ಬಸ್ಸು ಬಂತು, ಸೈನಬ ಎಂಬವರ ಮಾವನ ಒಣಮೀನಿನ ಅಂಗಡಿ ಬಂಟ್ವಾಳದ ಕೆಳಗಿನ ಪೇಟೆಯಿಂದ ಮೇಲಿನ ಪೇಟೆಗೆ ಹತ್ತಿತು. ಬಡವರ ಚರಿತ್ರೆಯೆಲ್ಲ ಜನವರಿ ಒಂದಕ್ಕೇ ನಡೆದು, ಉಳಿದ ಮುನ್ನೂರ ಅರವತ್ತನಾಲ್ಕು ದಿನ ಬರೀ ಸನ್ಮಾನ.

“ಎಂಥ ಮಾರಾಯ ಇದು, ಚುಕ್ಕೆಯ ಮೇಲೆ ಚುಕ್ಕೆ, ದೋಸೆ ಪೇರಿಸಿಟ್ಟ ಹಾಗೆ. ಅಡಿಯ ದೋಸೆ ಯಾರ ಕೈಗೆ ಸಿಗುವುದು?” ಎಂದು ವಿಸ್ಮಿತಾ ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಿದಳು.

ಸೈಟಿನ ಕೋಡು ಬರೆದ ಉನೈಸ್ ಬಂಟ್ವಾಳದವನು. ಮಾತಿಗೆ ಸೋಲುವವನಲ್ಲ. “ನನ್ನ ಅಜ್ಜಿಯ ಆಧಾರ್ ನೋಡು, ಹುಟ್ಟಿದ್ದು ಜನವರಿ ಒಂದು. ಅಜ್ಜನದ್ದೂ ಜನವರಿ ಒಂದು. ಅಜ್ಜಿಯ ತಂಗಿಯದ್ದೂ ಅದೇ. ಸರಕಾರ ಮಾಡಿದ್ದನ್ನೇ ನನ್ನ ಕೋಡು ಮಾಡಿದೆ. ನನಗೆ ಯಾಕೆ ಬೈಯುವುದು?”

ದಾರಿ ಸರಿಪಡಿಸುವುದೇ ವಿಸ್ಮಿತಾಳ ಕೆಲಸ. ಸೈಟಿಗೆ ಬಂದವನು ತನಗೆ ಬೇಕಾದಲ್ಲಿಗೆ ಮುಗ್ಗರಿಸದೆ ತಲುಪಬೇಕು. ಅವಳು ಬುದ್ಧಿವಂತೆ, ಮನಸ್ಸಿಟ್ಟು ಮಾಡಿದಳು. ಫಾರಂನಲ್ಲಿ ತಾರೀಕಿನ ಜಾಗದಲ್ಲಿ ‘ದೊಡ್ಡ ನೆರೆಯ ಮೊದಲಾ, ನಂತರವಾ?’ ಎಂಬ ಪ್ರಶ್ನೆ ಬಂತು. ಪಗ್ಗುವಿನಿಂದ ಸುಗ್ಗಿಯವರೆಗೆ ಹನ್ನೆರಡು ತುಳು ತಿಂಗಳು ಬಂದವು, ಹಬ್ಬಗಳು ಬಂದವು. ದಿನ ಗೊತ್ತಿಲ್ಲದ ಘಟನೆ ಚುಕ್ಕೆಯಾಗದೆ ತೆಳು ಬಣ್ಣದ ಪಟ್ಟಿಯಾಗಿ ಹರಡಿಕೊಂಡಿತು. ಜನವರಿ ಒಂದರ ಗೋಪುರ ಕುಸಿದು, ಅಡಿಯಲ್ಲಿದ್ದವರು ಉಸಿರಾಡಿದರು. ಇನ್ನೊಂದು ಉಪಾಯವನ್ನೂ ಅವಳೇ ಮಾಡಿದ್ದು: ಯಾವ ಚುಕ್ಕೆ ಮುಟ್ಟಿದರೂ ಪಕ್ಕದಲ್ಲಿ ಒಂದು ಕಿಟಕಿ ತೆರೆದು ‘ಅದೇ ದಿನ, ಅದೇ ಊರು’ ಎಂದು ಅಂದು ಅಲ್ಲಿ ನಡೆದ ಬೇರೆ ಘಟನೆಯನ್ನೂ ತೋರಿಸಬೇಕು. ಕಮಲಾಕ್ಷರು ಇದನ್ನು ಕಂಡು ಮೇಜು ಕುಟ್ಟಿದರು. “ಭಾರೀ ಲಾಯಿಕ್ ಆಗಿದೆ! ನನ್ನ ತಂದೆಯವರಿಗೆ ಸನ್ಮಾನ ಆದ ದಿನ ಊರಲ್ಲಿ ಮತ್ತೆ ಎಂಥ ಆಯಿತು ಅಂತ ಜನರಿಗೆ ಗೊತ್ತಾಗಬೇಕು.”

ಗೊತ್ತಾಯಿತು. ಸ್ವಲ್ಪ ತಡವಾಗಿ.

ಹೊಸ ಫಾರಂ ಹಿರಿಯರಿಗೆ ಅರ್ಥವಾಗುತ್ತದೋ ಎಂದು ನೋಡಲು ವಿಸ್ಮಿತಾ ಮತ್ತು ಉನೈಸ್ ಟ್ಯಾಬ್ ಹಿಡಿದು ಊರೂರು ತಿರುಗಿದರು. ಕಲ್ಲಗುಡ್ಡೆಯ ಅಂಗನವಾಡಿ ಜಗಲಿಯಲ್ಲಿ ಹುಕ್ರಪ್ಪ ಸಿಕ್ಕಿದ. ಎಪ್ಪತ್ತು ದಾಟಿದ ಮುದುಕ, ಆಯುಷ್ಯವಿಡೀ ಕೆಂಪುಕಲ್ಲು ಕಡಿದವನು, ಬಾವಿ ತೋಡಿದವನು. ಪಂಚಾಯತಿನ ಲೈಬ್ರರಿಯಲ್ಲಿ ಯಾರೋ ಅವನ ಪರವಾಗಿ ಒಂದು ಚುಕ್ಕೆ ಇಟ್ಟಿದ್ದರು: ‘ಬಾವಿ ಮುಚ್ಚಿದ್ದು, ೧೯೯೧.’ ಸಹಜವಾಗಿ, ಜನವರಿ ಒಂದು.

“ಅಜ್ಜ, ಇದು ಯಾವ ತಿಂಗಳಲ್ಲಿ ಆದದ್ದು? ಆಟಿಯಾ, ಸೋಣವಾ?”

“ಪಗ್ಗು ಮುಗಿಯಲಿಕ್ಕೆ ಎರಡು ದಿನ ಇತ್ತು ಮಗಾ. ತಾರೀಕೇ ಬೇಕಾದರೆ ಅದೂ ಉಂಟು.”

“ನೀವು ತಾರೀಕು ಬರೆದಿಟ್ಟಿದ್ದೀರಾ?”

“ನಾವು ಬರೆದಿಡುವ ಜನವಾ? ದಣಿಗಳೇ ಬರೆದಿಟ್ಟಿದ್ದಾರೆ. ಸಭಾಭವನದ ಬಾಗಿಲಲ್ಲಿ ಕಪ್ಪುಕಲ್ಲು ಉಂಟಲ್ಲ, ಚಿನ್ನದ ಅಕ್ಷರದ್ದು? ಬೆಳಿಗ್ಗೆ ಮಣ್ಣು ಹಾಕಿದ್ದು, ಹತ್ತು ಗಂಟೆಗೆ ಅದರ ಮೇಲೆ ತೆಂಗಿನಕಾಯಿ ಒಡೆದದ್ದು. ನಮ್ಮ ಬಾವಿ ಸತ್ತ ದಿನವನ್ನು ಗ್ರಾನೈಟಿನಲ್ಲಿ ಕೆತ್ತಿಸಿ ಇಟ್ಟಿದ್ದಾರೆ. ದೊಡ್ಡ ಉಪಕಾರ.”

ಉನೈಸ್ ನಗಲಿಕ್ಕೆ ಹೋಗಿ ನಿಲ್ಲಿಸಿದ.

“ಆ ಬಾವಿ ತೋಡಿದ್ದು ನಾವು ಏಳು ಮಂದಿ,” ಎಂದ ಹುಕ್ರಪ್ಪ. “ಆರು ಮಂದಿ ಹೋದರು. ನಾನೊಬ್ಬ ಇದ್ದೇನೆ. ಮೊಮ್ಮಗಳಿಗೆ ಹೇಳಿದರೆ ‘ಅಲ್ಲಿ ಬಾವಿ ಎಲ್ಲಿಂದ ಅಜ್ಜ, ಅದು ದಣಿಗಳ ಹಾಲ್ ಅಲ್ವಾ’ ಅಂತ ನಗಾಡ್ತಾಳೆ. ಅವಳ ತಪ್ಪಲ್ಲ, ಅವಳು ಕಂಡದ್ದು ಹಾಲ್. ನಾನು ಕಣ್ಣು ಮುಚ್ಚಿದರೆ ಅಲ್ಲೊಂದು ಬಾವಿ ಇತ್ತು ಅಂತ ಹೇಳಲಿಕ್ಕೆ ಜನ ಇಲ್ಲ. ನಿಮ್ಮ ಇದರಲ್ಲಿ ಅದು ಇರ್ತದಾ? ಎಲ್ಲರಿಗೂ ಕಾಣ್ತದಾ?”

“ಕಾಣ್ತದೆ ಅಜ್ಜ. ಒಂದೇ ಕ್ಲಿಕ್,” ಎಂದಳು ವಿಸ್ಮಿತಾ. ಬರುವಾಗ ಸಭಾಭವನದ ಬಾಗಿಲಲ್ಲಿ ನಿಂತು ಕಪ್ಪುಕಲ್ಲಿನ ತಾರೀಕು ಓದಿಕೊಂಡಳು. ಸರಿಯಾಗಿತ್ತು. ಹುಕ್ರಪ್ಪ ಹೇಳಿದ ವಿವರವನ್ನೂ ಸೇರಿಸಿ, ಚುಕ್ಕೆಯನ್ನು ಜನವರಿ ಒಂದರಿಂದ ಮೇ ಹನ್ನೆರಡಕ್ಕೆ ಸರಿಸಿದಳು.

ಸೈಟು ತನಗೆ ಕಲಿಸಿದ ಕೆಲಸ ಮಾಡಿತು. ನಾಲ್ಕು ದಿನ ಕಳೆದು ಕಮಲಾಕ್ಷರು ತಮ್ಮ ಕಾಲೇಜಿಗೆ ಬಂದಿದ್ದ ಬೆಂಗಳೂರಿನ ಅತಿಥಿಗಳಿಗೆ ದೊಡ್ಡ ಪರದೆಯ ಮೇಲೆ ಕಾಲರೇಖೆ ತೋರಿಸುತ್ತ, ‘ಇದು ನಮ್ಮ ತಂದೆಯವರು ಕಟ್ಟಿಸಿದ ಸಭಾಭವನ’ ಎಂದು ಬಂಗಾರದ ಬಣ್ಣದ ಚುಕ್ಕೆ ಮುಟ್ಟಿದರು. ಶಂಕುಸ್ಥಾಪನೆಯ ಫೋಟೋ ಬಂತು. ಪಕ್ಕದ ಕಿಟಕಿಯೂ ಬಂತು: ‘ಅದೇ ದಿನ, ಅದೇ ಊರು: ಬಾವಿ ಮುಚ್ಚಿದ್ದು. ಹನ್ನೊಂದು ಮನೆಗಳ ಬಾವಿಗೆ ಆರು ಲಾರಿ ಮಣ್ಣು.’ ಅತಿಥಿಗಳಲ್ಲಿ ಒಬ್ಬಾಕೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು.

ಮರುದಿನ ಕಮಲಾಕ್ಷರು ಮಾಳಿಗೆ ಹತ್ತಿ ಬಂದರು. ಬೈಯಲಿಲ್ಲ. ಅವರ ಹೋಟೆಲಿನ ಬಿಸಿ ಗೋಳಿಬಜೆಯ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು.

“ತಗೊಳ್ಳಿ, ತಗೊಳ್ಳಿ. ಅಳಿಸುವುದು ಬೇಡ ವಿಸ್ಮಿತಾ. ಛೆ, ಅಳಿಸಿದರೆ ಅದು ಸೆನ್ಸಾರು. ನಾವು ಯಾರ ಬಾಯಿಯನ್ನೂ ಮುಚ್ಚುವವರಲ್ಲ.” ಒಂದು ಗೋಳಿಬಜೆಯನ್ನು ಚಟ್ನಿಗೆ ಅದ್ದಿದರು. “ಆದರೆ ಸೈಟಿಗೆ ಬಂದವನಿಗೆ ಗೊಂದಲ ಆಗಬಾರದು, ಅಲ್ವಾ? ಸಭಾಭವನ ನೋಡ್ಲಿಕ್ಕೆ ಬಂದವನಿಗೆ ಬಾವಿ ಯಾಕೆ? ದಾರಿ ಸ್ವಲ್ಪ ಸುಗಮ ಮಾಡುವ. ನಿನ್ನ ಸಬ್ಜೆಕ್ಟೇ ಅಲ್ವಾ ಅದು?”

ಸುಗಮ ಮಾಡುವ ಕೆಲಸ ಶುರುವಾಯಿತು. ಮೊದಲು, ಕಿಟಕಿ ತಾನಾಗಿ ತೆರೆಯುವುದು ನಿಂತಿತು. ಹಳ್ಳಿಯ ನೆಟ್‌ವರ್ಕಿಗೆ ಭಾರ ಆಗುತ್ತದೆ ಎಂಬುದು ಕಾರಣ. ಬೇಕಾದವರು ಒಂದು ಸಣ್ಣ ಬಾಣ ಒತ್ತಲಿ. ಬಾಣ ಪುಟದ ಅಂದ ಕೆಡಿಸುತ್ತದೆಂದು ಅದು ಮೂಲೆಯ ಮೂರು ಗೀಟಿನ ಮೆನು ಒಳಗೆ ಹೋಯಿತು. ಮೆನು ಉದ್ದವಾಯಿತೆಂದು ಅದರೊಳಗೆ ‘ಇತರೆ’ ಬಂತು. ಇತರೆಯೊಳಗೆ ‘ಪರಿಸರ’, ಪರಿಸರದೊಳಗೆ ‘ಇನ್ನಷ್ಟು’. ಒಂದು ಮಧ್ಯಾಹ್ನ ‘ಊರಹಿತೈಷಿ’ ಎಂಬ ಹೆಸರಿನವನೊಬ್ಬ ಹುಕ್ರಪ್ಪನ ಚುಕ್ಕೆಯ ತಲೆಬರಹವನ್ನೇ ತಿದ್ದಿದ. ‘ಬಾವಿ ಮುಚ್ಚಿದ್ದು’ ಹೋಗಿ ‘ಜಲಮೂಲ ಮರುವಿನ್ಯಾಸ’ ಆಯಿತು. ಜನರೇ ಕೂಡಿ ಬರೆಯುವ ಚರಿತ್ರೆಯಾದ್ದರಿಂದ, ಯಾವ ತಿದ್ದುಪಡಿಗೆ ಐದು ಜನ ಸೈ ಅಂದರೂ ಅದು ಖಾಯಂ. ಐದು ಸೈ ನಾಲ್ಕು ನಿಮಿಷದಲ್ಲಿ ಬಂದವು, ಐದೂ ಕಮಲಾಕ್ಷರ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಿಂದ. ವಿಸ್ಮಿತಾ ಅದನ್ನು ಕಂಡಳು. ನಿಯಮ ಅಂದರೆ ನಿಯಮ ಎಂದು ಸುಮ್ಮನಾದಳು. ಹುಡುಕುವ ಪೆಟ್ಟಿಗೆಯಲ್ಲಿ ‘ಬಾವಿ’ ಎಂದು ಬರೆದರೆ ಈಗ ಮೊದಲು ಬರುತ್ತಿದ್ದದ್ದು ‘ಬಾವಿಕಟ್ಟೆ ಫ್ರೆಂಡ್ಸ್ ಕ್ರಿಕೆಟ್ ತಂಡಕ್ಕೆ ಸನ್ಮಾನ’. 

ಪ್ರತಿಯೊಂದು ಬದಲಾವಣೆಗೂ ಅವಳ ಹತ್ತಿರ ಕಾರಣವಿತ್ತು, ಓದಿದ ಪಾಠವಿತ್ತು. ಕಳ್ಳನಿಗಾದರೆ ಕದ್ದದ್ದು ಗೊತ್ತಿರುತ್ತದೆ. ಓದಿದವಳಿಗೆ ಆ ಕಷ್ಟವೂ ಇರಲಿಲ್ಲ.

“ಒಂಬತ್ತು,” ಎಂದ ಉನೈಸ್ ಒಂದು ದಿನ ಪರದೆಯಿಂದ ಕಣ್ಣೆತ್ತದೆ.

“ಎಂಥದು ಒಂಬತ್ತು?”

“ಬಾವಿಗೆ. ಒಂಬತ್ತು ಕ್ಲಿಕ್. ಅದರಲ್ಲಿ ಎರಡು ಕಡೆ ಕೋಡು ಬರೆದ ನನಗೇ ದಾರಿ ತಪ್ಪಿತು. ಇದಕ್ಕಿಂತ ಹೊಳೆಗೆ ಹೋಗುವುದು ಹತ್ತಿರ.”

“ಅಳಿಸಲಿಲ್ಲ ಅಲ್ವಾ ಉನೈಸ್?”

“ಅಳಿಸಲಿಲ್ಲಪ್ಪ. ಮಣ್ಣು ಹಾಕಿಸಿದವರೂ ಬಾವಿಯನ್ನು ಹೊತ್ತುಕೊಂಡು ಹೋಗಲಿಲ್ಲ. ಅಲ್ಲೇ ಉಂಟು, ಅಡಿಯಲ್ಲಿ.”

ವಿಸ್ಮಿತಾ ಇನ್ನೊಂದು ಗೋಳಿಬಜೆ ಬಾಯಿಗೆ ಹಾಕಿಕೊಂಡಳು. ಆ ಪೊಟ್ಟಣ ಈಗ ವಾರವಾರವೂ ಬರುತ್ತಿತ್ತು.

ಅಷ್ಟರಲ್ಲಿ ಕಮಲಾಕ್ಷರಿಗೆ ಒಂದು ಪ್ರಮಾಣಪತ್ರದ ಆಸೆ ಹುಟ್ಟಿತು. ಬೆಂಗಳೂರಿನ ಸಂಸ್ಥೆಯೊಂದು ಬಳಸಲು ಸುಲಭವಾದ ಸೈಟುಗಳಿಗೆ ‘ಜನಸ್ನೇಹಿ’ ಎಂಬ ಬಿರುದು ಕೊಡುತ್ತಿತ್ತು. ಬಿರುದು ಬಂದರೆ ಅದಕ್ಕೊಂದು ಸನ್ಮಾನ, ಸನ್ಮಾನಕ್ಕೊಂದು ಚುಕ್ಕೆ. ಷರತ್ತು ಸರಳ: ಅರವತ್ತು ದಾಟಿದ ಹತ್ತು ಮಂದಿ ತಮ್ಮ ಹೆಸರಲ್ಲಿರುವ ಚುಕ್ಕೆಯನ್ನು ತಾವೇ ಐದು ನಿಮಿಷದೊಳಗೆ ಹುಡುಕಿ, ಕೊನೆಗೆ ಬರುವ ಪ್ರಶ್ನೆಗೆ ಉತ್ತರ ಒತ್ತಬೇಕು. ಯಾರೂ ದಾರಿ ಹೇಳಿಕೊಡಬಾರದು. ಮೊದಲಿಂದ ಕೊನೆಯವರೆಗೆ ವಿಡಿಯೋ ಮಾಡಬೇಕು. ನಡುವೆ ನಿಲ್ಲಿಸುವಂತಿಲ್ಲ, ಕತ್ತರಿಸುವಂತಿಲ್ಲ. ಹತ್ತು ಹೆಸರನ್ನು ಸಂಸ್ಥೆಯೇ ಚೀಟಿ ಎತ್ತಿ ಆರಿಸಿತು. ಒಂಬತ್ತು ಹೆಸರು ಸನ್ಮಾನದವರದು. ಹತ್ತನೆಯದು ಹುಕ್ರಪ್ಪ, ಕಲ್ಲಗುಡ್ಡೆ.

ಕಮಲಾಕ್ಷರು ಪಟ್ಟಿ ನೋಡಿ ಸ್ವಲ್ಪ ಹೊತ್ತು ಗಡ್ಡ ಕೆರೆದರು. “ಕೊನೆಯ ಪುಟದಲ್ಲಿ ಎರಡು ಬಟನ್ ಯಾಕೆ ವಿಸ್ಮಿತಾ? ‘ಸಿಕ್ಕಿತು’, ‘ಸಿಗಲಿಲ್ಲ’. ಹಿರಿಯರಿಗೆ ಗಲಿಬಿಲಿ ಆಗ್ತದೆ. ಒಂದೇ ಇಡುವ.”

ಒಂದು ಪುಟಕ್ಕೆ ಒಂದೇ ಬಟನ್ ಒಳ್ಳೆಯದು ಎಂದು ವಿಸ್ಮಿತಾ ಓದಿದ್ದಳು. ‘ಸಿಗಲಿಲ್ಲ’ ತೆಗೆದಳು.

ಪರೀಕ್ಷೆ ಎಲ್ಲಿ? ಹವಾನಿಯಂತ್ರಣ ಇರುವುದು ಕಲ್ಲಗುಡ್ಡೆಯ ಸಭಾಭವನದಲ್ಲೇ. ಅಲ್ಲೇ ಆಯಿತು.

ಬೆಳಿಗ್ಗೆಯಿಂದ ಎಲ್ಲ ಸುಸೂತ್ರ. ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿಗೆ ತಮ್ಮ ಸನ್ಮಾನ ನಲವತ್ತು ಸೆಕೆಂಡಿನಲ್ಲಿ ಸಿಕ್ಕಿತು. ಸಮಯ ಉಳಿಯಿತೆಂದು ಬೀಗರ ಸನ್ಮಾನವನ್ನೂ ಹುಡುಕಿ ಕೊಟ್ಟರು. ಒಂಬತ್ತು ಮಂದಿ ಒಂಬತ್ತು ಸಲ ಹಸಿರು ಬಟನ್ ಒತ್ತಿ ಊಟದ ಹಾಲಿನ ಕಡೆ ನಡೆದರು. ಹತ್ತನೆಯವನು ಬಂದ. ಬಿಳಿ ಪಂಚೆ, ಇಸ್ತ್ರಿ ಹಾಕಿದ ಅಂಗಿ. ಬೇಡ ಎಂದರೂ ಚಪ್ಪಲಿ ಬಾಗಿಲಾಚೆ ಬಿಟ್ಟ. ಉನೈಸ್ ಕ್ಯಾಮೆರಾ ಒತ್ತಿದ, ಕೆಂಪು ದೀಪ ಹತ್ತಿತು. ಕಮಲಾಕ್ಷರು ಕ್ಯಾಮೆರಾಕ್ಕೆ ಕಾಣದ ಹಾಗೆ ಅದರ ಹಿಂದೆ ಕುರ್ಚಿ ಹಾಕಿ ಕೂತರು.

“ಅಜ್ಜ, ನಿಮ್ಮ ಚುಕ್ಕೆಯನ್ನು ಹುಡುಕಿ,” ಎಂದಳು ವಿಸ್ಮಿತಾ. ಹೆಚ್ಚು ಹೇಳುವಂತಿರಲಿಲ್ಲ.

ಹುಕ್ರಪ್ಪ ಕಲ್ಲು ಕಡಿದ ಬೆರಳಿನಿಂದ ಮೆಲ್ಲಗೆ ಮುಟ್ಟಿದ. ಸನ್ಮಾನ ಬಂತು. ಸರಿಸಿದ. ಮತ್ತೊಂದು ಸನ್ಮಾನ. ಕಮಲಾಕ್ಷರದ್ದು, ನೇರಳೆ ಶಾಲು. ಮತ್ತೊಂದು, ಹಸಿರು ಶಾಲು.

“ದಣಿಗಳಿಗೆ ಇಷ್ಟು ಶಾಲು ಯಾಕೆ ಮಗಾ? ಚಳಿಯಾ?”

ಉನೈಸನ ಕ್ಯಾಮೆರಾ ಒಂದು ಕ್ಷಣ ಅಲುಗಿತು.

ಮುದುಕ ಮೊಂಡ. ಬಿಡಲಿಲ್ಲ. ಹೇಗೋ ಮೂರು ಗೀಟು ಕಂಡುಹಿಡಿದ. ‘ಇತರೆ’ ಒತ್ತಿದ. “ನಾವು ಇದರಲ್ಲೇ ಇರಬೇಕು,” ಎಂದುಕೊಂಡ. ‘ಪರಿಸರ’ ಒತ್ತಿದ, ‘ಇನ್ನಷ್ಟು’ ಒತ್ತಿದ. ನಾಲ್ಕು ನಿಮಿಷ ಆಗುವಾಗ ಎಂಟನೇ ಮೆಟ್ಟಿಲಲ್ಲಿದ್ದ. ಪರದೆಯ ಮೇಲೆ ಪಟ್ಟಿ. ಅವನ ಬೆರಳು ಒಂದೊಂದೇ ಸಾಲಿನ ಮೇಲೆ ಇಳಿಯಿತು, ಒಂದು ಸಾಲಿನ ಮೇಲೆ ನಿಂತಿತು. ಅಕ್ಷರ ಕೂಡಿಸಿ ಓದಿದ. “ಜಲ... ಮೂಲ... ಮರು... ವಿನ್ಯಾಸ. ಇದು ಎಂಥದು ಮಗಾ?”

ವಿಸ್ಮಿತಾ ಬಾಯಿ ತೆರೆದಳು. ದಾರಿ ಹೇಳಬಾರದು. ನಿಯಮ. ಮುಚ್ಚಿದಳು.

“ಯಾವುದೋ ದೊಡ್ಡವರದ್ದು,” ಎಂದು ಹುಕ್ರಪ್ಪ ತಾನು ತೋಡಿದ ಬಾವಿಯನ್ನು ದಾಟಿ ಮುಂದೆ ಹೋದ.

ಐದು ನಿಮಿಷ ಮುಗಿಯಿತು. ಪರದೆ ತಾನಾಗಿ ಕೊನೆಯ ಪುಟಕ್ಕೆ ಬಂತು: ‘ನಿಮ್ಮ ಚುಕ್ಕೆ ಸಿಕ್ಕಿತೇ?’ ಅಡಿಯಲ್ಲಿ ಒಂದೇ ಹಸಿರು ಬಟನ್, ‘ಸಿಕ್ಕಿತು’. ಹುಕ್ರಪ್ಪ ಟ್ಯಾಬನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದ.

“ಸಿಗಲಿಲ್ಲ ಅಂತ ಒತ್ತುವುದು ಎಲ್ಲಿ?”

ಕಮಲಾಕ್ಷರು ಕುರ್ಚಿಯಿಂದಲೇ, ಮಗುವಿಗೆ ಹೇಳುವ ಸ್ವರದಲ್ಲಿ ಹೇಳಿದರು: “ಅದನ್ನೇ ಒತ್ತು ಹುಕ್ರ. ಒತ್ತಿ ಬಿಡು, ಊಟ ತಯಾರುಂಟು.”

“ಸಿಗಲಿಲ್ಲ ಅಲ್ವಾ ದಣಿ.”

“ಆಮೇಲೆ ತೋರಿಸ್ತಾರೆ. ಈಗ ಒತ್ತು.”

“ತೋರಿಸಲಿ. ಆಮೇಲೆ ಒತ್ತುತ್ತೇನೆ.”

“ನೀನೊಬ್ಬ ಒತ್ತದಿದ್ದರೆ ಮೂರು ತಾಲೂಕಿನ ಹೆಸರು ಹೋಗ್ತದೆ ಮಾರಾಯ.”

“ಮೂರು ತಾಲೂಕಿನ ಸಂಗತಿ ನನಗೆ ತಿಳಿಯುವುದಿಲ್ಲ ದಣಿ. ನನಗೆ ಒಂದು ಬಾವಿಯ ಸಂಗತಿ ಗೊತ್ತುಂಟು. ಅದು ಇದರಲ್ಲಿ ಇಲ್ಲ.” ಹುಕ್ರಪ್ಪ ಟ್ಯಾಬನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡ.

ಕಮಲಾಕ್ಷರು ವಿಸ್ಮಿತಾಳ ಕಡೆ ತಿರುಗಿದರು. ಸ್ವರ ಇನ್ನೂ ಮೆತ್ತಗಿತ್ತು. “ಅವನ ಬೆರಳು ಹಿಡಿದು ಒತ್ತಿಸು. ಕೈ ನಡುಗುವವರಿಗೆ ಸಹಾಯ ಮಾಡಬಹುದು ಅಂತ ನಿಯಮದಲ್ಲೇ ಉಂಟು.”

ಉಂಟು, ನಿಯಮ ಆರು. ವಿಸ್ಮಿತಾ ಮೇಜಿನ ಹತ್ತಿರ ಹೋದಳು. ಹುಕ್ರಪ್ಪನ ಕೈ ನಡುಗುತ್ತಿರಲಿಲ್ಲ. ಉಗುರುಗಳ ಸುತ್ತ ಎಷ್ಟು ತೊಳೆದರೂ ಹೋಗದ ಕೆಂಪುಕಲ್ಲಿನ ಬಣ್ಣ. ಈ ಮುದುಕ ಎಂಟು ಬಾಗಿಲು ದಾಟಿ ಬಂದಿದ್ದ, ಒಬ್ಬನೇ, ಅಕ್ಷರ ಕೂಡಿಸಿಕೊಂಡು. ಪ್ರತಿ ಬಾಗಿಲನ್ನೂ ಇಟ್ಟವಳು ಅವಳು.

“ಬೇಗ ವಿಸ್ಮಿತಾ. ನಿನ್ನ ಕೆಲಸ ಅದು.”

“ಹೌದು ಸರ್, ನನ್ನದೇ ಕೆಲಸ. ಇವರಿಗೆ ಸಿಗದ ಹಾಗೆ ಮಾಡಿದ್ದೂ ನಾನೇ. ಕಿಟಕಿ ಮುಚ್ಚಿದ್ದು ನಾನು. ಹೆಸರು ಬದಲಾಯಿಸಿದ್ದನ್ನು ಕಂಡು ಬಾಯಿ ಮುಚ್ಚಿ ಕೂತದ್ದು ನಾನು. ‘ಸಿಗಲಿಲ್ಲ’ ತೆಗೆದದ್ದೂ ನಾನು.”

“ಕ್ಯಾಮೆರಾ ಆನ್ ಉಂಟು,” ಎಂದರು ಕಮಲಾಕ್ಷರು ಹಲ್ಲು ಕಚ್ಚಿ. “ಉನೈಸ್, ಬಂದ್ ಮಾಡು.”

“ನಡುವೆ ನಿಲ್ಲಿಸಬಾರದು ಅಂತ ಉಂಟಲ್ಲ ಸರ್,” ಎಂದ ಉನೈಸ್.

“ವಿಸ್ಮಿತಾ, ನಾಳೆ ಕೆಲಸಕ್ಕೆ ಬರಬೇಕು ಅಂತ ಇದ್ದರೆ ಒತ್ತಿಸು.”

ಅವಳು ಹುಕ್ರಪ್ಪನ ಪಕ್ಕದ ಕುರ್ಚಿ ಎಳೆದು ಕೂತಳು. ಟ್ಯಾಬನ್ನು ಮೇಜಿನ ಆ ತುದಿಗೆ, ಯಾರ ಬೆರಳಿಗೂ ಎಟುಕದಷ್ಟು ದೂರಕ್ಕೆ ನೂಕಿದಳು.

“ಇಲ್ಲ ಸರ್. ಇವರಿಗೆ ಸಿಗಲಿಲ್ಲ. ನಾನು ಒತ್ತಿಸುವುದಿಲ್ಲ.”